ಹಗಲಲ್ಲೂ ಕೆಂಪು

ಜೂನ್ ೯, ಸೋಮವಾರ

ತಮ್ಮ ಹೋಗಿ ಇವತ್ತಿಗೆ ಮೂವತ್ತೆಂಟು ದಿನ. ಎಣಿಸಬಾರದು ಎಂದುಕೊಳ್ಳುತ್ತೇನೆ, ಆದರೆ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಎಣಿಕೆ ಮುಗಿದಿರುತ್ತದೆ. ಅದಕ್ಕೇ ಈ ಪುಸ್ತಕ ತಂದೆ. ಬಾಯಿಗೆ ಬಂದದ್ದನ್ನು ಇದರೊಳಗೆ ಹಾಕಿ ಮುಚ್ಚಿಟ್ಟರೆ ಕೈಯಾದರೂ ಕೆಲಸ ಮಾಡೀತು.

ಮಧ್ಯಾಹ್ನ ನಾದಿನಿ ಬಂದಳು, ಅವನ ಹೆಂಡತಿ. ಗಣಿಯ ಮಣ್ಣು ತೆಗೆದು ಅವನನ್ನು ಹೊರಗೆ ತಂದಾಗ ಅಂಗಿಯ ಜೇಬಿನಲ್ಲಿ ಒಂದು ಕರವಸ್ತ್ರದ ಗಂಟು ಸಿಕ್ಕಿತ್ತಂತೆ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ನನ್ನ ಮೇಜಿನ ಮೇಲಿಟ್ಟು ಬಿಚ್ಚಿದಳು. ಹೆಬ್ಬೆರಳ ತುದಿಯಷ್ಟು ದೊಡ್ಡ ಕಲ್ಲು, ನೀರಲ್ಲಿ ಉರುಳಿ ಮೂಲೆಗಳೆಲ್ಲ ಸವೆದದ್ದು, ಮೇಲೆ ಮಂಕು.

"ಇದು ಅವರು ಹೇಳ್ತಿದ್ದ ಕಲ್ಲೇನಾ ಅತ್ತಿಗೆ? ನೀವು ನೋಡಿ ಹೇಳಿ."

"ಬೆಳಕು ಇಳಿದುಬಿಟ್ಟಿದೆ. ನಾಳೆ ನೋಡ್ತೀನಿ" ಎಂದೆ. ಗಂಟೆ ಎರಡೂ ಆಗಿರಲಿಲ್ಲ. ಅವಳು ಎದ್ದು ಹೋದಳು.

ಅವನು ಹೇಳುತ್ತಿದ್ದ ಕಲ್ಲೆಂದರೆ ಗೋಸುಂಬೆ. ಪೇಟೆಯಲ್ಲಿ ಹಾಗೇ ಕರೆಯುತ್ತಾರೆ. ಹಗಲಿನ ಬೆಳಕಲ್ಲಿ ಹಸಿರು, ಹಳೇ ಬಲ್ಬಿನ ಬೆಳಕಲ್ಲಿ ಕೆಂಪು. ಕೊಯ್ದು ಸಾಣೆ ಹಿಡಿದ ಮೇಲೆ ಅದನ್ನು ಯಾರು ಬೇಕಾದರೂ ಗುರುತು ಹಿಡಿಯುತ್ತಾರೆ. ಹೊಳೆಯ ಕಲ್ಲಿನ ಹಾಗೆ ಮಂಕಾಗಿ ಬಿದ್ದಿರುವಾಗ ಹಿಡಿಯುವುದು ನನ್ನ ಕೆಲಸ, ನನಗಿಂತ ಮುಂಚೆ ಅಪ್ಪನ ಕೆಲಸ. ನಲವತ್ತು ವರ್ಷದಲ್ಲಿ ನನ್ನ ಕೈಗೆ ಬಂದದ್ದು ಮೂರೇ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಮ್ಮ ಮನೆ ಮೆಟ್ಟಿಲ ಮೇಲೆ ಜನ ಕಲ್ಲು ಹಿಡಿದು ಸಾಲಾಗಿ ಕೂರುತ್ತಾರೆ. ನಾನು ಬಡಗು ದಿಕ್ಕಿನ ಕಿಟಕಿಯಲ್ಲಿ ನೋಡಿ, ಹೊಸ್ತಿಲಿಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ. ಒಂದು ಸಲ ಹೇಳಿದ ಕಲ್ಲನ್ನು ಮತ್ತೆ ಕೈಗೆ ತೆಗೆದುಕೊಳ್ಳುವುದಿಲ್ಲ. ಅಪ್ಪನ ಕಟ್ಟಪ್ಪಣೆ ಅದು: "ಮೊದಲನೇ ಸಲ ಕಣ್ಣು ನೋಡುತ್ತೆ, ಎರಡನೇ ಸಲ ಕಿವಿ ನೋಡುತ್ತೆ." ಅತ್ತು ಕರೆದರೆ ಕಲ್ಲಿನ ಬಣ್ಣವೂ ಬದಲಾಗಿ ಕಾಣುತ್ತದೆ ಎಂದು ಅದರ ಅರ್ಥ.

ಏಪ್ರಿಲ್‌ನಲ್ಲಿ ತಮ್ಮ ಇಂಥದೇ ಒಂದನ್ನು ತಂದಿದ್ದ. ಒಳಗೆ ನೇರ ಬರಬಹುದಾಗಿದ್ದವನು ತಮಾಷೆಗೆ ಸಾಲಿನಲ್ಲಿ ಕೂತು ಬಂದ. ನೋಡಿದೆ. "ಬರೀ ಕೆಂಪುಕಲ್ಲು" ಎಂದೆ. ಕೆಂಪುಕಲ್ಲು ಇಲ್ಲಿ ಮಕ್ಕಳಿಗೆ ಆಡಲಿಕ್ಕೆ ಸಿಗುವಷ್ಟು ಅಗ್ಗ. ಸ್ವಲ್ಪ ವಾದ ಮಾಡಿದ. ಮೆಟ್ಟಿಲ ಮೇಲಿದ್ದವರು ನಕ್ಕರು. ಕಲ್ಲನ್ನು ಚರಂಡಿಗೆ ಎಸೆದು ಹೋದ. ಅದೇ ಗುಂಡಿಯಿಂದ ಇನ್ನೊಂದು ತಂದು ತೋರಿಸುತ್ತೇನೆ ಎಂದು ಮುಚ್ಚಿದ ಹಳೇ ಗಣಿಗೆ ಒಬ್ಬನೇ ಇಳಿದ. ಗೋಡೆ ಕುಸಿಯಿತು.

ಜೂನ್ ೧೦, ಮಂಗಳವಾರ

ಹತ್ತು ಗಂಟೆಗೆ ಕಿಟಕಿಯ ಹತ್ತಿರ ಕೂತೆ. ಹೊಸ ಬಿಳಿ ಹಾಳೆ ಹಾಸಿದೆ. ಕಲ್ಲನ್ನು ನೀರಲ್ಲಿ ಅದ್ದಿ ಚಿಮಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿದೆ.

ಕೆಂಪು. ಕಂದಿಗೆ ತಿರುಗಿದ ಕೆಂಪು.

ಹಿಂದೆ ಬಲ್ಬ್ ಉರಿಯುತ್ತಿದೆಯೇನೋ ಎಂದು ತಿರುಗಿ ನೋಡಿದೆ. ಆರಿತ್ತು. ಬಾಗಿಲು ಕಿಟಕಿ ಮುಚ್ಚಿ ಬಲ್ಬ್ ಹಾಕಿ ನೋಡಿದೆ. ಅದೇ ಕೆಂಪು, ಇನ್ನಷ್ಟು ಗಾಢ. ಅಂದರೆ ಏಪ್ರಿಲ್‌ನಲ್ಲಿ ನಾನು ಹೇಳಿದ್ದು ಸರಿ. ಒಂದು ಕವಡೆ ಬೆಲೆಯಿಲ್ಲದ ಕಲ್ಲಿಗೆ ಅವನು ಸತ್ತ.

ಸರಿ ಎಂದು ಗೊತ್ತಾದಾಗ ಸಮಾಧಾನ ಆಗಬೇಕಿತ್ತು. ಕಲ್ಲನ್ನು ಮತ್ತೆ ನೀರಲ್ಲಿ ಅದ್ದಿದೆ.

ನಾದಿನಿಗೆ ಹೇಳಿಕಳಿಸಲಿಲ್ಲ. ಬಾಯಿಬಿಟ್ಟು ಹೇಳುವ ತನಕ ನೋಟ ಮುಗಿದ ಹಾಗಲ್ಲ. ಅಲ್ಲಿಯವರೆಗೆ ಎಷ್ಟು ಸಲ ನೋಡಿದರೂ ಅಪ್ಪನ ಮಾತು ಮೀರಿದ ಹಾಗಾಗುವುದಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಿದ್ದ ತಮ್ಮ, ಇದ್ದಿದ್ದರೆ.

ಜೂನ್ ೧೩, ಶುಕ್ರವಾರ

ಕಾಗದದ ಅಂಗಡಿಯವನ ಜತೆ ಜಗಳ. ಮೂರು ಸಲ ಹಾಳೆ ಬದಲಾಯಿಸಿಕೊಂಡು ಬಂದೆ, ಮೂರೂ ಸಲ ಹಳದಿ.

"ಬಿಳಿ ಹಾಳೆ ಕೇಳಿದ್ರೆ ಹಳೇ ಪತ್ರ ಕೊಡ್ತೀಯಲ್ಲಪ್ಪ."

"ಇದಕ್ಕಿಂತ ಬಿಳಿ ಬೇಕಂದ್ರೆ ಹಾಲಲ್ಲೇ ಮಾಡಿಸ್ಬೇಕು ನೋಟದಕ್ಕ!"

ಊರವರು ನನ್ನನ್ನು ಕರೆಯುವುದು ಹಾಗೆ, ನೋಟದಕ್ಕ. ಮೆಟ್ಟಿಲಿಳಿಯುವಾಗ ಅವನು ಇನ್ನೊಬ್ಬನಿಗೆ "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ" ಎಂದದ್ದು ಕೇಳಿಸಿತು. ನನ್ನ ಕಿವಿ ಇನ್ನೂ ಚುರುಕಾಗಿದೆ ಎಂದು ಅವನಿಗೆ ಗೊತ್ತಿಲ್ಲ. ಇನ್ನು ಮುಂದೆ ಬೇರೆ ಅಂಗಡಿ.

ಜೂನ್ ೧೮, ಬುಧವಾರ

ಇದನ್ನು ಯಾರಿಗೂ ಹೇಳುವ ಹಾಗಿಲ್ಲ, ಬರೆದಿಡುತ್ತೇನೆ.

ಕಿಟಕಿಯ ಎದುರಿಗೆ, ಬೀದಿಯಾಚೆ, ಬೀಗ ಹಾಕಿದ ಗೋದಾಮಿನ ಗೋಡೆಯಿದೆ. ಬೆಳಿಗ್ಗೆ ಕಲ್ಲಿನಿಂದ ತಲೆ ಎತ್ತಿದಾಗ ಅಲ್ಲಿ ತಮ್ಮ ನಿಂತಿದ್ದ. ಮುಖ ಕಾಣಲಿಲ್ಲ. ಸುತ್ತ ಹಾಲು ಚೆಲ್ಲಿದ ಹಾಗೆ ಮಂಜು, ಒಬ್ಬನ ಮೇಲೊಬ್ಬ ನಿಂತ ಹಾಗೆ ಎರಡೆರಡು ಅಂಚು. ಆದರೆ ಆ ಇಳಿದ ಬಲಭುಜ ಅವನದೇ. ಚೀಲ ಹೊತ್ತೂ ಹೊತ್ತೂ ಹಾಗಾದದ್ದು. ಕಣ್ಣುಜ್ಜಿಕೊಂಡೆ. ಹೋಗಲಿಲ್ಲ. ಪರದೆ ಎಳೆದೆ.

ಪರದೆ ಎಳೆದ ಮೇಲೆ ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು ಕೇಳಿತು, ಬಲಗಾಲು ಸ್ವಲ್ಪ ಎಳೆಯುವ ಸದ್ದು. ಬಾಗಿಲ ತನಕ ಬಂದು ನಿಂತಿತು. ತೆರೆದರೆ ಬಿಸಿಲು, ಖಾಲಿ ಮೆಟ್ಟಿಲು.

ಬಲ್ಬ್ ಹಾಕಿದರೆ ಅದರ ಸುತ್ತ ಬಳೆಯ ಹಾಗೆ ಒಂದು ಬಣ್ಣದ ಉಂಗುರ ಕಾಣುತ್ತದೆ. ಇದೂ ಅವನು ಹೋದ ಮೇಲೆ ಶುರುವಾದದ್ದು, ಅಥವಾ ನಾನು ಗಮನಿಸಿದ್ದು ಆಮೇಲೆ.

ಜೂನ್ ೧೯

ನೋಡಿದೆ. ಕೆಂಪು.

ಜೂನ್ ೨೧

ಕೆಂಪು.

ಜೂನ್ ೨೬, ಗುರುವಾರ

ನಾದಿನಿ ಬಂದಳು. ಅವನು ಕೊಡಿಸಿದ ಶಾಲು ಹೊದ್ದಿದ್ದಳು. ಏನಾದರೂ ಒಳ್ಳೆಯ ಮಾತಾಡಬೇಕೆನಿಸಿ, "ಕಂದು ಬಣ್ಣ ನಿನಗೆ ಒಪ್ಪುತ್ತೆ ಕಣೇ" ಎಂದೆ. ಅವಳು ಶಾಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಅವನ ನೆನಪಾಗಿರಬೇಕು.

"ಏನಾದ್ರೂ ತಿಳೀತಾ ಅತ್ತಿಗೆ?"

"ಮೋಡ ಇದೆಯಲ್ಲ. ನಿಚ್ಚಳ ಬೆಳಕು ಬರ್ಲಿ."

"ನೀರಿನ ನಲ್ಲಿ ಹತ್ರ ನಿಂತ್ರೆ ಜನ ಮಾತಾಡ್ಕೊಳ್ತಾರೆ. ಕೆಂಪುಕಲ್ಲಿಗೆ ಪ್ರಾಣ ಬಿಟ್ಟೋನ ಹೆಂಡ್ತಿ ಅಂತ. ಮೊನ್ನೆ ಮಗಳಿಗೂ ಶಾಲೇಲಿ ಯಾರೋ ಅಂದ್ರಂತೆ, ನಿಮ್ಮಪ್ಪ ಆಟದ ಕಲ್ಲಿಗೆ ಸತ್ತ ಅಂತ. ಅವರು ಹೇಗೂ ವಾಪಸ್ ಬರಲ್ಲ, ನನಗ್ಗೊತ್ತು. ಹುಚ್ಚ ಅಲ್ಲ ಅಂತ ಒಂದು ಮಾತು ಬೇಕು ನನಗೆ. ಅಷ್ಟೇ."

ಈ ಊರಿನಲ್ಲಿ ಆ ಮಾತು ಹೇಳಬಲ್ಲವಳು ನಾನೊಬ್ಬಳೇ. ನಾಲಿಗೆ ತುದಿಗೆ ಬಂದ ಸುಳ್ಳನ್ನು ನುಂಗಿದೆ. ನಲವತ್ತು ವರ್ಷ ನನ್ನ ಬಾಯಿಂದ ಸುಳ್ಳು ಬಂದಿಲ್ಲ. ಅವಳು ಹೋದ ಮೇಲೆ, ಆ ಒಂದು ಸುಳ್ಳು ಹೇಳಿಬಿಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದು ಅತ್ತೆ.

ಜುಲೈ ೨, ಬುಧವಾರ

ವ್ಯಾಪಾರಿ ಎರಡು ಪೊಟ್ಟಣ ನೀಲಿಕಲ್ಲು ವಾಪಸ್ ತಂದ. "ಎಲ್ಲಾನೂ ಕಪ್ಪು ಅಂದ್ರಲ್ಲ ಅಕ್ಕ, ಆ ಕಡೆ ಊರಿನವರು ಒಳ್ಳೇ ನೀಲಿ ಅಂತಿದಾರೆ" ಎಂದ, ನೆಲ ನೋಡಿಕೊಂಡು. ಈ ವರ್ಷದ ಮಾಲೇ ಹಾಗೆ, ಎಲ್ಲ ಕಪ್ಪು, ಎಲ್ಲ ಮಂಕು. ಕಾಮಾಲೆ ಕಣ್ಣಿನವರಿಗೆ ಕಂಡದ್ದೆಲ್ಲ ಹಳದಿಯಂತೆ; ಈ ವ್ಯಾಪಾರಿಗಳಿಗೆ ಕಂಡದ್ದೆಲ್ಲ ಲಾಭ. ಬೇಕಿದ್ದರೆ ಆ ಕಡೆ ಊರಿಗೇ ಹೋಗು ಎಂದೆ. ಹೋದ.

ಮೆಟ್ಟಿಲ ಮೇಲೆ ಇವತ್ತು ನಾಲ್ಕೇ ಜನ.

ಜುಲೈ ೮, ಮಂಗಳವಾರ

ಬೆಳಿಗ್ಗೆಯಿಂದ ಅವನು ಗೋಡೆಯ ಹತ್ತಿರವೇ ಇದ್ದಾನೆ. ಪರದೆ ಎಳೆಯುವುದನ್ನು ಬಿಟ್ಟಿದ್ದೇನೆ. ಹೆದರಿಕೆ ಇಲ್ಲವೆಂದಲ್ಲ, ಪರದೆ ಎಳೆದರೆ ಅವನನ್ನು ಬಾಗಿಲಾಚೆ ತಳ್ಳಿದ ಹಾಗಾಗುತ್ತದೆ, ಅದು ಇನ್ನೂ ಕಷ್ಟ.

ಅವನ ಜತೆ ಜೋರಾಗಿಯೇ ಮಾತಾಡಿದೆ. ನಿನಗೇನು ಬೇಕೋ, ಹಸಿರು ಅನ್ನಬೇಕಾ, ಅನ್ನಲಾ? ಇಲ್ಲದ್ದನ್ನು ಹೇಗೆ ಅನ್ನಲಿ? ಈ ಕೆಂಪು ಕಲ್ಲಿನದಲ್ಲ, ನಿನ್ನದು ಎಂದೆ. ನಾನು ಹಾಗೆ ನಂಬಲು ಶುರುಮಾಡಿದ್ದೇನೆ. ಹಟಕ್ಕೆ ಬಿದ್ದು ಅವನೇ ಅದನ್ನು ಕೆಂಪಾಗಿ ಹಿಡಿದಿಟ್ಟಿದ್ದಾನೆ. ಚಿಕ್ಕಂದಿನಲ್ಲೂ ಹಾಗೇ. ಅಪ್ಪನ ಮೇಜಿನ ಕೆಳಗೆ ಕೂತು ಚೂರುಕಲ್ಲು ಗುರುತಿಸುವ ಆಟ ಆಡುತ್ತಿದ್ದೆವು. ನಾನೇ ಗೆಲ್ಲುತ್ತಿದ್ದೆ. ಸೋತಾಗ ಅವನು ಕಲ್ಲನ್ನು ಮುಷ್ಟಿಯಲ್ಲಿ ಹಿಡಿದು ಸಂಜೆಯ ತನಕ ಬಿಡುತ್ತಿರಲಿಲ್ಲ. ಬೆರಳು ಬಿಡಿಸಲು ಹೋದರೆ ಕಚ್ಚುತ್ತಿದ್ದ. ಅಪ್ಪ ಬಂದು, "ಅವಳಿಗೆ ಕಣ್ಣು ಕೊಟ್ಟಿದೀನಿ, ನಿನಗೆ ಕಾಲು ಕೊಟ್ಟಿದೀನಿ, ಹೋಗಿ ಹುಡುಕ್ಕೊಂಡು ಬಾ" ಎನ್ನುತ್ತಿದ್ದರು. ಜೀವನವಿಡೀ ಅವನು ಹುಡುಕಿ ತಂದ, ನಾನು ಕೂತಲ್ಲೇ ಕೂತು ಹೌದು ಅಲ್ಲ ಎಂದೆ. ಅವನಿಗೆ ನನ್ನ ಮೇಲೆ ಎಷ್ಟು ಸಿಟ್ಟಿತ್ತೋ ನಾನು ಕೇಳಲೇ ಇಲ್ಲ. ನನಗೆ ಅವನ ಮೇಲೆ ಎಷ್ಟು ಪ್ರೀತಿಯಿತ್ತು ಎಂದೂ ಹೇಳಲಿಲ್ಲ. ಹೇಳುವಂಥ ಮನೆಯಲ್ಲ ನಮ್ಮದು.

ಹನ್ನೆರಡರ ಹೊತ್ತಿಗೆ ಮೆಟ್ಟಿಲ ಮೇಲಿದ್ದ ಒಬ್ಬಳೇ ಹೆಂಗಸು ಒಳಗೆ ಇಣುಕಿ, "ಯಾರ ಜತೆ ಮಾತಾಡ್ತಿದೀರಾ?" ಎಂದಳು. ಕಲ್ಲಿನ ಜತೆ ಎಂದೆ. ಅವಳು ತನ್ನ ಪೊಟ್ಟಣವನ್ನು ಎತ್ತಿಕೊಂಡು ನಾಳೆ ಬರುತ್ತೇನೆ ಎಂದು ಹೋದಳು.

ಜುಲೈ ೧೧, ಶುಕ್ರವಾರ

ಇವತ್ತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಕಲ್ಲನ್ನು ಸಾಣೆ ಮುದುಕನ ಹತ್ತಿರ ಒಯ್ದೆ. ಅಪ್ಪನ ಕಾಲದವನು, ಕಿವಿ ಮಂದ, ಕೈ ಮಾತ್ರ ಬಂಗಾರ. ಒಂದು ಬದಿಯ ಸಿಪ್ಪೆ ತೆಗೆದು ಸಣ್ಣ ಮುಖ ತೆರೆದರೆ ಒಳಗಿನ ಬಣ್ಣ ಸ್ಪಷ್ಟವಾಗುತ್ತದೆ. ಏನು ಎತ್ತ ಹೇಳಲಿಲ್ಲ. "ಒಂದು ಮುಖ ತೆಗಿ" ಎಂದು ಕೂಗಿದೆ. ಅವನು ಚಕ್ರಕ್ಕೆ ಹಿಡಿದ, ನೀರು ಹನಿಸಿದ, ಬೆರಳಿಂದ ಒರೆಸಿದ. ಬಾಗಿಲ ಬೆಳಕಿಗೆ ಒಯ್ದು ಹಿಡಿದ. ಅಲ್ಲಿಯೇ ನಿಂತುಬಿಟ್ಟ.

"ಅಬ್ಬಬ್ಬ! ಎಂಥಾ ಹಸಿರಮ್ಮ ಇದು!"

ಓಡಿಹೋಗಿ ಅವನ ಪಕ್ಕ ನಿಂತು ನೋಡಿದೆ. ನಿಚ್ಚಳ ಬಿಸಿಲು. ಅವನ ಹೆಬ್ಬೆರಳು ತೋರುಬೆರಳ ನಡುವೆ ಕೆಂಪು, ಒಣಗಿದ ಗಾಯದಂಥ ಕೆಂಪು.

"ಎಲ್ಲಿ ಹಸಿರು?"

"ಇಗೋ, ಇಲ್ಲಿ! ಕಾಣಿಸ್ತಿಲ್ವಾ?"

ಆ ಗಳಿಗೆಯಲ್ಲಿ ನನಗೆ ಅನ್ನಿಸಿದ್ದು ಒಂದೇ. ತಮ್ಮ ಎಲ್ಲರಿಗೂ ತೋರಿಸುತ್ತಿದ್ದಾನೆ, ನನಗೊಬ್ಬಳಿಗೆ ಮಾತ್ರ ಮುಷ್ಟಿ ಬಿಗಿ ಹಿಡಿದಿದ್ದಾನೆ. ಕಲ್ಲನ್ನು ಕಿತ್ತುಕೊಂಡೆ. ಮುದುಕ ನನ್ನ ಮುಖವನ್ನೇ ನೋಡುತ್ತಿದ್ದ. ಹತ್ತಿರ ಬಂದು, ಗದ್ದ ಹಿಡಿದು ಮುಖ ಬೆಳಕಿಗೆ ತಿರುಗಿಸಿದ, ಕಲ್ಲನ್ನು ತಿರುಗಿಸಿದ ಹಾಗೇ.

"ಪಾಪೆ ಒಳಗೆ ಮಂಕು ಕೂತಿದೆ ಕಣಮ್ಮ. ಡಾಕ್ಟ್ರ ಹತ್ರ ಹೋಗು."

"ನನ್ನ ಕಣ್ಣಿಗಾ?" ಎಂದು ಕೂಗಿದೆ. "ನನ್ನ ಕಣ್ಣಿಗಾ ನೀನು ಹೇಳ್ತಿರೋದು?"

ಮುದುಕನಿಗೆ ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಮಾಡಿದನೋ. ಚಕ್ರದ ಮುಂದೆ ಹೋಗಿ ಕೂತ.

ಜುಲೈ ೧೨

ಆ ಮುದುಕನಿಗೆ ಎಂಬತ್ತಾಗಿದೆ. ಅವನಿಗೇನು ಕಾಣುತ್ತದೆ ಮಣ್ಣು.

ಜುಲೈ ೧೫, ಮಂಗಳವಾರ

ಕಣ್ಣಿನ ಆಸ್ಪತ್ರೆಯಲ್ಲಿ ನನಗೂ ಸಾಲು. ಬೆಂಚಿನ ಮೇಲೆ ಚೀಟಿ ಹಿಡಿದು ಎರಡು ಗಂಟೆ ಕೂತೆ. ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಕಣ್ಣಿಗೆ ಹನಿ ಹಾಕಿ, ಯಂತ್ರದಲ್ಲಿ ಗದ್ದ ಇಡಿಸಿ ನೋಡಿದಳು. ಒಂದೇ ಸಲ ನೋಡಿದಳು.

"ಎರಡೂ ಕಣ್ಣಲ್ಲಿ ಪೊರೆ ಇದೆಯಮ್ಮ. ಚೆನ್ನಾಗಿ ಬಲಿತು ಕಂದಾಗಿದೆ. ಏನು ನೋಡಿದ್ರೂ ಹಳದಿ ಗಾಜಿನಿಂದ ನೋಡಿದ ಹಾಗೆ ಕಾಣುತ್ತೆ. ನೀಲಿ ಎಲ್ಲ ಕಪ್ಪಾಗುತ್ತೆ, ಬೆಳಕಿನ ಸುತ್ತ ಉಂಗುರ, ಒಂದೊಂದ್ಸಲ ಎರಡೆರಡು ಕಾಣುತ್ತೆ. ಹೌದಾ?"

ಹೌದು ಎಂದೆ. ಕಲ್ಲಿನ ವಿಷಯ ಹೇಳಿದೆ, ಹಗಲಲ್ಲೂ ಕೆಂಪಾಗಿ ಕಾಣುವುದನ್ನು.

ಅವಳಿಗೆ ಅದು ತಮಾಷೆಯಾಗಿ ಕಂಡಿತು. "ಹೊರಗಿನ ಬೆಳಕು ಕಣ್ಣಿನ ಒಳಗೆ ಹೋಗೋ ಹೊತ್ತಿಗೆ ಬಲ್ಬಿನ ಬೆಳಕೇ ಆಗಿಬಿಡುತ್ತೆ ನೋಡಿ. ನಿಮಗೆ ಹಗಲು ಅನ್ನೋದೇ ಸಿಕ್ಕಿಲ್ಲ."

"ಎಷ್ಟು ದಿನದಿಂದ?" ಎಂದು ಕೇಳಿದೆ.

"ಇಷ್ಟು ಬಲಿಯೋಕೆ ನಾಲ್ಕೈದು ವರ್ಷ ಬೇಕು. ಮೆಲ್ಲಗೆ ಬರುತ್ತಲ್ಲ, ಗೊತ್ತಾಗಲ್ಲ."

ನಾಲ್ಕೈದು ವರ್ಷ. ಏಪ್ರಿಲ್ ಆಗಿ ಮೂರು ತಿಂಗಳು.

ಬಸ್ಸಿನಲ್ಲಿ ಕೂತೆ. ಇಳಿಯಬೇಕಾದ ಕಡೆ ಇಳಿಯಲಿಲ್ಲ. ಕೊನೇ ನಿಲ್ದಾಣದಲ್ಲಿ ಕಂಡಕ್ಟರ್ ಬಂದು ಎಬ್ಬಿಸಿದ. ನಿದ್ದೆ ಬಂದಿರಲಿಲ್ಲ.

ಜುಲೈ ೧೬

ಮೆಟ್ಟಿಲ ಮೇಲೆ ಮೂವರು ಬಂದಿದ್ದರು. ಹೊಸ್ತಿಲು ದಾಟಿ ಹೋಗಿ, ಇವತ್ತು ಇಲ್ಲ, ನಾಳೆಯೂ ಇಲ್ಲ ಎಂದೆ.

ಆಗಸ್ಟ್ ೫, ಮಂಗಳವಾರ

ಬಲಗಣ್ಣಿನ ಆಪರೇಷನ್ ಆಗಿ ಹತ್ತು ದಿನ. ಇವತ್ತಿನಿಂದ ಓದು ಬರಹಕ್ಕೆ ಅಪ್ಪಣೆ ಸಿಕ್ಕಿತು.

ಜಗತ್ತು ಇಷ್ಟು ನೀಲಿ ಎಂದು ಮರೆತೇಹೋಗಿತ್ತು. ಆಕಾಶ ಬಿಡು, ಗೋಡೆಯ ನೆರಳೂ ನೀಲಿ, ಕೈಯ ನರವೂ ನೀಲಿ. ಮೇಜಿನ ಮೇಲೆ ಬಿದ್ದಿದ್ದ ಹಾಳೆ ಕಣ್ಣು ಚುಚ್ಚುವಷ್ಟು ಬಿಳಿ. ಪಾಪ, ಕಾಗದದವನಿಗೆ ಬೈದೆ.

ಹತ್ತು ಗಂಟೆಗೆ ಕಿಟಕಿಯಲ್ಲಿ ಕೂತು ಕಲ್ಲು ತೆಗೆದೆ. ಎಡಗಣ್ಣು ಮುಚ್ಚಿಕೊಂಡೆ.

ಹಸಿರು. ನೀಲಿ ಬೆರೆತ, ಆಳವಾದ, ಕುದಿಯುವಂಥ ಹಸಿರು. ಮುದುಕ ತೆರೆದ ಆ ಪುಟ್ಟ ಮುಖದಿಂದ ಒಳಗೆ ನೋಡಿದರೆ ತಳ ಕಾಣುವುದಿಲ್ಲ. ಕಿಟಕಿ ಮುಚ್ಚಿ ಬಲ್ಬ್ ಹಾಕಿದೆ, ಕೆಂಪಾಯಿತು. ತೆರೆದೆ, ಹಸಿರಾಯಿತು. ಎಷ್ಟು ಸಲ ಹಾಗೆ ಮಾಡಿದೆನೋ. ನಾನು ನೋಡಿದ ಮೂರರಲ್ಲಿ ಯಾವುದೂ ಇದರ ಹತ್ತಿರ ಬರುವುದಿಲ್ಲ.

ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದೆ. ಬರೀ ಕೆಂಪುಕಲ್ಲು.

ತಲೆ ಎತ್ತಿ ಬೀದಿಯಾಚೆ ನೋಡಿದೆ. ಎಡಗಣ್ಣಿಗೆ ಅವನು ಅಲ್ಲೇ ಇದ್ದ, ಭುಜ ಇಳಿಸಿಕೊಂಡು. ಬಲಗಣ್ಣಿಗೆ ಒಂದು ಕಂಬ, ಅದಕ್ಕೆ ಸುತ್ತಿ ಬಿಟ್ಟ ಹಳೇ ಟಾರ್ಪಾಲು. ಟಾರ್ಪಾಲಿನ ಒಂದು ಮೂಲೆ ಹರಿದಿತ್ತು. ಅದನ್ನು ನೋಡಿ, ಅವನು ಸತ್ತ ದಿನಕ್ಕಿಂತ ಹೆಚ್ಚು ಅತ್ತೆ. ಕಣ್ಣಿಗೆ ನೀರು ತಾಕಬಾರದು ಎಂದು ಡಾಕ್ಟರ್ ಹೇಳಿದ್ದಳು.

ಆಗಸ್ಟ್ ೮, ಶುಕ್ರವಾರ

ಹತ್ತು ಗಂಟೆಗೆ ಹೊಸ್ತಿಲ ಮೇಲೆ ನಿಂತು ಹೇಳಿದೆ. ಬೆಳಿಗ್ಗೆಯೇ ಹೇಳಿಕಳಿಸಿದ್ದರಿಂದ ಮೆಟ್ಟಿಲು ತುಂಬ ಜನ. ವ್ಯಾಪಾರಿಯೂ ಇದ್ದ, ಸಾಣೆ ಮುದುಕನೂ ಇದ್ದ. ಇದು ಗೋಸುಂಬೆ, ನನ್ನ ತಮ್ಮ ತಂದದ್ದು. ಏಪ್ರಿಲ್‌ನಲ್ಲಿ ತಂದದ್ದೂ ಗೋಸುಂಬೆಯೇ ಇರಬೇಕು. ನನ್ನ ಕಣ್ಣಿಗೆ ಪೊರೆ ಬಂದಿತ್ತು. ನಾಲ್ಕೈದು ವರ್ಷದಿಂದ ನಾನು ನೋಡಿದ್ದನ್ನೆಲ್ಲ ಬೇರೆ ಕಡೆ ತೋರಿಸಿಕೊಳ್ಳಿ. ಇಷ್ಟು ಹೇಳಿದೆ. ಯಾರಾದರೂ ಬೈಯುತ್ತಾರೆ ಎಂದು ನಿಂತೇ ಇದ್ದೆ. ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು.

ಕಲ್ಲು ಹಿಡಿದು ನಾದಿನಿಯ ಮನೆಗೆ ಹೋದೆ. ಸುದ್ದಿ ನನಗಿಂತ ಮೊದಲು ಹೋಗಿತ್ತು. ಅವಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಹಗ್ಗದ ಮೇಲೆ ಆ ಶಾಲು ನೇತಾಡುತ್ತಿತ್ತು. ಒಳ್ಳೇ ನೀಲಿ ಶಾಲು.

"ಅವನು ಹುಚ್ಚ ಅಲ್ಲ ಕಣೇ" ಎಂದೆ. "ಅವನು ಹೇಳಿದ್ದೇ ಸರಿ. ಹಸಿರು ಕಲ್ಲು ಇದು."

"ಗೊತ್ತು ಅತ್ತಿಗೆ."

"ಈಗ ಯಾರೋ ಹೇಳಿರ್ಬೇಕು ನಿನಗೆ."

"ಈಗಲ್ಲ. ಗಂಟು ಸಿಕ್ಕಿದ ದಿನ ಮಣ್ಣು ಹೋಗ್ಲಿ ಅಂತ ಬಟ್ಟಲು ನೀರಿಗೆ ಹಾಕಿದ್ದೆ, ಆವತ್ತೇ ಹಸಿರಾಗಿ ಕಾಣ್ತು. ಮಗಳಿಗೂ ಕಾಣ್ತು."

"ಮತ್ಯಾಕೆ ನನಗೆ ಹೇಳ್ಲಿಲ್ಲ? ಎರಡು ತಿಂಗಳು ಯಾಕೆ ಸುಮ್ನಿದ್ದೆ?"

ಅವಳು ಹಿಂಡಿದ ಬಟ್ಟೆಯನ್ನು ಒಮ್ಮೆ ಕೊಡವಿ ಹಗ್ಗಕ್ಕೆ ಹಾಕಿದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ನಿಮ್ಮ ತಮ್ಮ ಹೇಳಿದ್ರಲ್ಲ ಅತ್ತಿಗೆ. ನೀವು ಕೇಳಿದ್ರಾ?"

ಕೇಳಿರಲಿಲ್ಲ. ಅವನು ಸ್ವಲ್ಪ ವಾದ ಮಾಡಿದ ಎಂದು ಈ ಪುಸ್ತಕದ ಮೊದಲ ದಿನ ಬರೆದಿದ್ದೇನೆ. ಅವನು ವಾದ ಮಾಡಲಿಲ್ಲ. "ಅಕ್ಕಾ, ಇನ್ನೊಂದು ಸಲ ನೋಡೇ" ಎಂದ, ಮೂರು ಸಲ ಎಂದ. ಮೂರನೇ ಸಲ ನಾನು ಅವನ ತಲೆಯ ಮೇಲಿಂದ ನೋಡಿ ಮುಂದಿನವರನ್ನು ಕರೆದೆ.